ಎರಡನೆಯ ಮಣ್ಣು

ನಮ್ಮಲ್ಲಿ ಸತ್ತವರನ್ನು ಎರಡು ಸಲ ಮಣ್ಣು ಮಾಡುತ್ತಾರೆ.
ಮರಕೈಬೊದ ಪ್ರಯೋಗಶಾಲೆಯಲ್ಲಿ
ಇದನ್ನು ಯಾರಿಗೂ ಹೇಳಿಲ್ಲ ನಾನು.
ಅಲ್ಲಿ ನನ್ನ ಕೆಲಸ
ಸತ್ತದ್ದು ನಿಜಕ್ಕೂ ಸತ್ತಿದೆಯೇ ಎಂದು ನೋಡುವುದು.

ಸೀಸೆಯೊಳಗೆ ಮೋಡ ಬಿದ್ದ ನೀರು.
ಫಾರ್ಮಲಿನ್ ಹನಿಸಿ, ಬೆಚ್ಚಗಿಟ್ಟು,
ದಿನ ಎಣಿಸುತ್ತೇವೆ, ತುಂಬಿದ ಬಸುರಿಯ ಮನೆಯವರಂತೆ.
ಬೇಗ ತೆಗೆದರೆ ಎಲ್ಲೋ ಒಂದು ಉಸಿರು ಉಳಿದಿರುತ್ತದೆ,
ತಡವಾದರೆ ಮುಖ ಕರಗಿಹೋಗುತ್ತದೆ.
ಮುಖವಿಲ್ಲದ ಹೆಣ ತೋರಿಸಿ
"ಇವನನ್ನು ನೆನಪಿಟ್ಟುಕೋ" ಅಂದರೆ
ರಕ್ತವಾದರೂ ಏನನ್ನು ನೆನಪಿಟ್ಟುಕೊಳ್ಳಬೇಕು?

ಡಾಕ್ಟರ್ ಬೆರ್ಮೂದೆಸ್ ಹಲಗೆಯ ಮೇಲೆ ಗೆರೆ ಎಳೆಯುತ್ತಾರೆ.
ಗೆರೆ ಇಳಿಯುತ್ತದೆ, ಇಳಿಯುತ್ತದೆ,
ಸೊನ್ನೆಯ ಹತ್ತಿರ ಬಂದು, ಮುಟ್ಟುವುದಿಲ್ಲ.
ಆ ಬೆರಳಗಲದ ಜಾಗದಲ್ಲಿದೆ ನನ್ನ ಮೇಜು.

ನನಗಾಗ ಏಳು ವರ್ಷ.
ಮೂರು ವರ್ಷ ಬಾರದ ಮಳೆ
ಒಂದೇ ವಾರದಲ್ಲಿ ಬಂತು ಗುವಾಹಿರಾದ ಉಪ್ಪುನೆಲಕ್ಕೆ.
ಮೊದಲು ಕತ್ತೆಗಳು:
ಕಳ್ಳಿಬೇಲಿಗೆ ಹಣೆ ಒತ್ತಿ ನಿಂತವು,
ಆಚೆಯಿಂದ ಯಾರೋ ಕರೆದಂತೆ.
ಆಮೇಲೆ ಚಿಕ್ಕಪ್ಪನ ಕುದುರೆ.
ಆಮೇಲೆ ಜೋಲಿಯಲ್ಲಿ ಮಲಗಿದ್ದ ತಮ್ಮ ಎವೆನ್ಸಿಯೊ.
ಬೆಳಗಾದರೆ ನಮ್ಮ ಮನೆಗಳಲ್ಲಿ ಮೊದಲ ಮಾತು,
ಏನು ಕನಸು ಕಂಡೆ?
ಆ ಬೆಳಿಗ್ಗೆ ಅವನು "ಬಿಳಿ" ಅಂದ. ಅಷ್ಟೇ.
ಈಗ ಅವನಿಗೆ ಮೂವತ್ತೊಂದು.
ಅಂಗಿಯ ಗುಂಡಿ ಹಾಕಿಕೊಳ್ಳಲು ಬರುವುದಿಲ್ಲ,
ಇನ್ನೂರು ಆಡುಗಳನ್ನು ಮಾತ್ರ
ಕೆಮ್ಮಿನಿಂದಲೇ ಗುರುತು ಹಿಡಿಯುತ್ತಾನೆ.

ಆ ವರ್ಷ ಕತ್ತೆಗಳಿಗೆ ಚುಚ್ಚಿದ ಲಸಿಕೆಯಲ್ಲೇ
ಕೆಲವು ಇನ್ನೂ ಸತ್ತಿರಲಿಲ್ಲ ಅನ್ನುವವರಿದ್ದಾರೆ.
ಅಲ್ಲ ಅನ್ನುವವರೂ ಇದ್ದಾರೆ.
ಕಡತವನ್ನು ಗೆದ್ದಲು ತಿಂದಿದೆ.

ಸೊಳ್ಳೆಗಾದರೆ ಪರದೆ ಕಟ್ಟಬಹುದು.
ಈ ಕಟ್ಟಡದೊಳಗಿನ ಹೆದರಿಕೆ ಗಾಳಿಯದು.
ಹಿಂದೊಮ್ಮೆ ಮೆಟ್ಟಿಲ ಮೇಲೆ ಸೀಸೆಯೊಂದು ಒಡೆಯಿತಂತೆ.
ಮೇಲಿನ ಅಂತಸ್ತಿನಲ್ಲಿ ಕಾಫಿ ಕುಡಿಯುತ್ತಿದ್ದ ಗುಮಾಸ್ತ
ಮೂರನೆಯ ದಿನ ದೀಪ ಆರಿಸಿ ಅಂತ ಅತ್ತನಂತೆ.
ಅಂದಿನಿಂದ ಇಲ್ಲಿ ಯಾರೂ ಓಡುವುದಿಲ್ಲ,
ಅಂಚಿನವರೆಗೆ ತುಂಬಿದ ಕೊಡ ಹೊತ್ತವರ ನಡಿಗೆ ಎಲ್ಲರದೂ.
ನನ್ನ ತೋಳಿಗೂ ಬಿದ್ದಿವೆ ಮೂರು ಚುಚ್ಚು.
ಚರ್ಮದ ಕೆಳಗಿನ ರಕ್ತ ಅವನನ್ನು ಬಲ್ಲದು.
ಮೂಗಿನ ಬಾಗಿಲಲ್ಲಿ ಯಾರಾದರೂ ಕಾವಲಿದ್ದಾರೋ,
ಡಾಕ್ಟರಿಗೂ ಖಾತ್ರಿಯಿಲ್ಲ.

ತೊಂಬತ್ನಾಲ್ಕನೆಯ ಬ್ಯಾಚು.
ಕಣ್ಣು ಬಿಡದ ಇಲಿಮರಿಗಳಿಗೆ ಒಂದೊಂದು ಹನಿ.
ಹತ್ತನೆಯ ಬೆಳಿಗ್ಗೆ ಒಂದು ಮರಿ ಮಗ್ಗುಲಾಗಿ ಬಿದ್ದಿತ್ತು.
ತಾಯಿ ತುಳಿದಿರಬಹುದು ಅಂದರು.
ಇರಬಹುದು.
ನಾನು ಸಹಿ ಹಾಕಲಿಲ್ಲ.
ನಾಲ್ಕು ಸಾವಿರ ಕತ್ತೆಗಳ ಮಳೆಗಾಲ
ಹಬೆಯ ಪೆಟ್ಟಿಗೆಗೆ ಹೋಯಿತು.
ಎರಡು ವಾರ ಊಟದ ಹೊತ್ತಿಗೆ
ನನ್ನೆದುರಿನ ಕುರ್ಚಿ ಖಾಲಿ.

ರಜೆ ಹಾಕಿ ಊರಿಗೆ ಹೋದೆ.
ಹನ್ನೊಂದು ವರ್ಷ ಮಲಗಿದ್ದ ಅಜ್ಜಿ ಓಟಿಲಿಯಾಳನ್ನು
ಎಬ್ಬಿಸುವ ದಿನ.
ಒಬ್ಬಳೇ ಹೆಂಗಸು ಮುಟ್ಟಬೇಕು. ಈ ಸಲ ನಾನು.
ಕೈಗೆ ಗ್ಲೌಸು, ಮೂಗಿಗೆ ಬಟ್ಟೆ,
ನನಗೇನು ಹೊಸತೇ?
ತಲೆಬುರುಡೆ ಮೊದಲು.
ಮುಂದಿನ ಎರಡು ಹಲ್ಲುಗಳ ನಡುವೆ
ಕಡಲೆಬೀಜ ತೂರುವಷ್ಟು ಸಂದು.
ಅವಳೇ.
ಇಷ್ಟು ಸತ್ತ ಮೇಲೂ ಅವಳೇ.
ಮೂಳೆ ಮೂಳೆಯನ್ನೂ ಒರೆಸಿ ಬಿಳಿ ಬಟ್ಟೆಯಲ್ಲಿಟ್ಟೆ.

ಎವೆನ್ಸಿಯೊ ಆಡುಗಳ ನಡುವಿನಿಂದ ಕೇಳಿದ:
"ಈಗ ಪೂರ್ತಿ ಸತ್ತಳಾ?"

ಈ ಪ್ರಶ್ನೆಗೇ ನನಗೆ ಸಂಬಳ ಕೊಡುತ್ತಾರೆ.

ಗಂಡಸರು ಗುಂಡಿ ಮುಚ್ಚಿದರು.
ಶುದ್ಧಿಯಾಗುವವರೆಗೆ ನಾನು ಯಾರನ್ನೂ ಮುಟ್ಟುವಂತಿಲ್ಲ.
ಅವನು ಹತ್ತಿರ ಬಂದು ನಿಂತ.
ಅಂಗಿಯ ಗುಂಡಿ ತೆರೆದೇ ಇತ್ತು.